ಬಾನೆಟ್ಟಿನ ಮೇಲಿನ ಬಳೆಗಳು

ಏಪ್ರಿಲ್ 27, ಭಾನುವಾರ

ಎರಡೂ ಮಾತ್ರೆ ತೆಗೆದುಕೊಂಡಾಯಿತು. ಮಾತ್ರೆ ನುಂಗಿದ ದಿನ ಒಂದು ಗೆರೆ ಎಳೆ ಅಜ್ಜಿ ಎಂದು ಯಶು ಈ ಪುಸ್ತಕ ಕೊಟ್ಟಿದ್ದಾಳೆ. ಗೆರೆಗೆ ಬೆರಳಗಲ ಜಾಗ ಸಾಕು. ಮಿಕ್ಕ ಹಾಳೆ ಖಾಲಿ ಬಿಡಲು ನನಗೆ ಮನಸ್ಸು ಬರುವುದಿಲ್ಲ. ನಾಲ್ಕನೇ ಕ್ಲಾಸಿನ ಅಕ್ಷರ, ಯಾರಿಗೂ ತೋರಿಸುವುದಿಲ್ಲ.

ಇವತ್ತು ಮನೆಗೆ ಕಾರು ಬಂತು. ನನ್ನ ಮೊಮ್ಮಗಳು ಯಶೋಧರಾ ಕೊರಟಗೆರೆ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಎರಡು ವರ್ಷ ಮಧುಗಿರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದವಳು ಸಿರಾದ ರೇಣುಕಯ್ಯ ಅನ್ನುವವರಿಂದ ಹಳೇ ಕಾರು ತೆಗೆದುಕೊಂಡಿದ್ದಾಳೆ. ಹಳೇದಾದರೂ ಕಣ್ಣು ಕುಕ್ಕುವಂಥ ಕಪ್ಪು. ಎದುರುಮನೆ ದೊಡ್ಡರಂಗಪ್ಪ ಬಂದು ಸುತ್ತ ತಿರುಗಿ ನೋಡಿದ.

"ಕರೀದು ಯಾಕ್ ತಗಂಡೆ ಮಗಾ? ಒಂಚೂರು ಧೂಳು ಕೂತ್ರೂ ಕಾಣ್ತದೆ."

"ನಿನ್ನ ಪಂಚೆ ಬಿಳೀದಲ್ವೇನಪ್ಪಾ, ಅದ್ರಾಗೇನು ಕಾಣಾಕಿಲ್ವಾ?" ಎಂದೆ. ಪಂಚೆ ನೋಡಿಕೊಂಡು ಹೋದ.

ಮೊದಲನೇ ಸುತ್ತಿಗೆ ಯಶು ನನ್ನನ್ನೇ ಕೂರಿಸಿಕೊಂಡಳು. ಅವಳ ಅಮ್ಮ ಲಕ್ಷ್ಮೀದೇವಿ ಬಾಗಿಲಲ್ಲೇ ನಿಂತಿದ್ದಳು. ನಿಲ್ಲಲಿ. ಹೆತ್ತವಳು ಅವಳಾದರೂ ಎತ್ತಿ ಆಡಿಸಿದವಳು ನಾನು. ಯಶೋಧರಾ ಎಂದು ಹೆಸರಿಟ್ಟದ್ದೂ ನನ್ನ ಯಜಮಾನರು.

ಏಪ್ರಿಲ್ 29, ಮಂಗಳವಾರ

ಒಂದು ಕೆಲಸ ಮಾಡಿಬಿಟ್ಟೆ. ಇಲ್ಲಿ ಬರೆದಿಡುತ್ತೇನೆ, ಬಾಯಲ್ಲಿ ಹೇಳುವುದಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ. ಮಗ ಭೀಮರಾಜು ಆಫೀಸಿಗೆ, ಸೊಸೆ ಅಂಗನವಾಡಿಗೆ, ಯಶು ಯಾವುದೋ ಟ್ರೈನಿಂಗಿಗೆ ಬೇರೆ ಮೇಡಂ ಜೊತೆ ಹೋಗಿದ್ದರು. ಬೇವಿನ ಮರದ ಕೆಳಗೆ ಕಾರು. ಬಾನೆಟ್ಟಿನ ತುಂಬ ಕಾಗೆ ಗಲೀಜು. ಹುಡುಗಿ ಬರುವಷ್ಟರಲ್ಲಿ ಬೆಳಗಿ ಇಡೋಣ ಅನ್ನಿಸಿತು. ಹಿತ್ತಾಳೆ ಬೆಳಗುವುದರಲ್ಲಿ ಈ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹುಣಸೆಹಣ್ಣು ನೆನೆಸಿದೆ, ಬೂದಿ ಜರಡಿ ಹಿಡಿದೆ, ಹೊಸ ತೆಂಗಿನ ನಾರು ತೆಗೆದೆ. ಕೊಡ ಬೆಳಗಿದ ಹಾಗೆ ಸುತ್ತ ಸುತ್ತ ಉಜ್ಜಿದೆ. ರಟ್ಟೆ ಬಿದ್ದುಹೋಯಿತು. ನೀರು ಸುರಿದಾಗ ಕೆರೆಯಿಂದ ಎದ್ದು ಬಂದ ಎಮ್ಮೆಯ ಹಾಗೆ ಮಿರಮಿರ ಮಿಂಚಿತು.

ಆಮೇಲೆ ಒಣಗಿತು. ಬಿಸಿಲು ಓರೆಯಾಗಿ ಬಿದ್ದಾಗ ನೋಡಿದರೆ ಬಾನೆಟ್ಟಿನ ತುಂಬ ಗೀರಿನ ಬಳೆಗಳು. ಒಂದರ ಮೇಲೊಂದು, ಬಳೆಗಾರ ಮಲಾರವನ್ನೇ ಚೆಲ್ಲಿಹೋದ ಹಾಗೆ. ಮತ್ತೆ ನೀರು ಹಾಕಿದೆ, ಮಾಯವಾದವು. ಒಣಗಿತು, ಮತ್ತೆ ಬಂದವು. ನಾಲ್ಕು ಸಲ ಹಾಕಿದೆ.

ನಾರನ್ನು ಒಲೆಗೆ ಹಾಕಿದೆ. ಮಾತ್ರೆ ಮರೆತೆ.

ಮೇ 1, ಗುರುವಾರ

ಮೊನ್ನೆ ಸಾಯಂಕಾಲದಿಂದ ಮೋಡವಿತ್ತು, ಬದುಕಿಕೊಂಡೆ. ಇವತ್ತು ಬೆಳಿಗ್ಗೆ ಬಿಸಿಲು ಬಂತು, ಯಶು ನೋಡಿದಳು. ಬೆರಳಿಟ್ಟು ಸವರಿದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಭೀಮರಾಜು ಬಂದು ಬಗ್ಗಿ ನೋಡಿದ. "ಇದು ಮಾರೋರ ಆಟ ಕಣಮ್ಮ. ಗೀರು ಕಾಣ್ದಂಗೆ ಮೇಣ ಮೆತ್ತಿರ್ತಾರೆ. ಒಂದು ಮಳೆ ಬಿದ್ರೆ ಎಲ್ಲಾ ಈಚೆಗೆ ಬತ್ತದೆ."

ಮೊನ್ನೆ ಸಾಯಂಕಾಲ ನಾಲ್ಕು ಹನಿ ಬಿದ್ದಿತ್ತು. ನನ್ನ ಅದೃಷ್ಟಕ್ಕೆ ಬಿದ್ದಿತ್ತು.

ಯಶು ಅಲ್ಲೇ ನಿಂತು ರೇಣುಕಯ್ಯನಿಗೆ ಫೋನ್ ಮಾಡಿದಳು. ಆ ಮನುಷ್ಯ ಆಣೆ ಮಾಡಿ ಹೇಳುತ್ತಿದ್ದದ್ದು ನನಗೂ ಕೇಳುತ್ತಿತ್ತು. "ವಯಸ್ಸಾದವರು ಅಂತ ನಂಬಿದ್ದೆ, ನೀವು ಮೋಸಗಾರರು" ಎಂದು ಕಟ್ ಮಾಡಿದಳು. ನಾನು ರಾಗಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದೆ. ನೋಡಿಕೊಂಡರೆ ರಾಗಿಯನ್ನು ಅತ್ತ ಎಸೆದು ಕಲ್ಲನ್ನು ಮೊರದಲ್ಲಿ ಇಟ್ಟುಕೊಂಡಿದ್ದೇನೆ.

ಬೇಸಿಗೆ ರಜೆಯಲ್ಲಿ ಗೀರನ್ನೆಲ್ಲ ಮನೆಯಲ್ಲೇ ತಾನೇ ತೆಗೆಯುತ್ತಾಳಂತೆ. ಅದಕ್ಕೆ ಒಂದು ಮಷೀನು, ಒಂದು ಔಷಧಿ ಇದೆಯಂತೆ. ಫೋನಿನಲ್ಲಿ ನೋಡಿ ಕಲಿಯುತ್ತಾಳಂತೆ. "ನಾನೂ ಕೈ ಹಾಕ್ತೀನಿ ಕಣೇ" ಎಂದೆ. "ನೀನಲ್ಲದೆ ಇನ್ಯಾರಜ್ಜಿ ನನಗೆ?" ಎಂದು ಕೆನ್ನೆ ಹಿಂಡಿದಳು. ಆ ಒಂದು ಮಾತಿಗೆ ಬಾಯಿ ಮುಚ್ಚಿಕೊಂಡು ಇದ್ದುಬಿಡೋಣ ಅನ್ನಿಸಿದೆ.

ಮೇ 4, ಭಾನುವಾರ

ಪಾವಗಡದವಳು ವಕ್ಕರಿಸಿದಳು.

ಸೊಸೆಯ ತಾಯಿ, ನನ್ನ ಬೀಗಿತಿ, ವಳ್ಳೂರಿನ ಮಂಜಮ್ಮ. ಮನೆಗೆ ತಾರಸಿ ಹಾಕಿಸುತ್ತಿದ್ದಾಳಂತೆ, ಮುಗಿಯುವವರೆಗೆ ಇಲ್ಲೇ ಇರುತ್ತಾಳಂತೆ. ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವಳು, ಬೆನ್ನು ಇನ್ನೂ ನೆಟ್ಟಗಿದೆ. ಅದನ್ನು ಎಲ್ಲರಿಗೂ ತೋರಿಸಲೆಂದೇ ನಡೆಯುತ್ತಾಳೆ. ಅವರ ಹೊಲದ ಮೇಲೆಲ್ಲ ಸೋಲಾರ್ ಕಂಪನಿಯವರ ಗಾಜಿನ ಹಲಗೆ ನಿಂತಿವೆ. ಅಂಥ ಹಲಗೆ ತೊಳೆಯುವ ಕೆಲಸಕ್ಕೆ ಆರು ವರ್ಷ ಹೋದವಳು.

ಬಂದವಳು ಚೀಲ ಕೂಡ ಇಳಿಸಲಿಲ್ಲ, ಕಾರಿನ ಹತ್ತಿರ ಹೋದಳು. ಬಗ್ಗಿದಳು. ಮೂಗಿನ ತುದಿ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಮೆಲ್ಲಗೆ ಕೇಳಿದಳು: "ಅಕ್ಕಾ, ಹುಣಸೆಹಣ್ಣೂ ಹಾಕಿದ್ಯಾ?"

"ಯಾತಕ್ಕೆ? ಸಾರಿಗಾ?"

"ಊಂ, ಸಾರಿಗೇ" ಎಂದು ಲೋಟ ತೊಳೆದಿಟ್ಟು ಹೋದಳು.

ಗೊತ್ತಾಗಿದೆ ಅವಳಿಗೆ. ಗೊತ್ತಾಗಿಯೂ ಹೇಳುತ್ತಿಲ್ಲ. ಯಾವ ಹೊತ್ತಿಗೆ ಇರಲಿ ಎಂದು ಮಡಿಲಲ್ಲಿ ಕಟ್ಟಿಕೊಂಡಿದ್ದಾಳೋ.

ಮೇ 5, ಸೋಮವಾರ

ಇವತ್ತು ಯಶು ಮೂರು ಸಲ "ಮಂಜಜ್ಜಿ" ಅಂದಳು. ಬೆಳಿಗ್ಗೆಯಿಂದ ನನ್ನನ್ನು ಒಂದೇ ಸಲ ಕೂಗಿದ್ದು. ಅದೂ ಚಾರ್ಜರ್ ಎಲ್ಲಿ ಎಂದು.

ಮೇ 7, ಬುಧವಾರ

ಕೆಲಸ ಶುರುವಾಯಿತು. ಕಾರನ್ನು ತಗಡಿನ ಶೆಡ್ಡಿಗೆ ಹಾಕಿದ್ದಾರೆ. ಬಿಸಿಲಲ್ಲಿ ಔಷಧಿ ಒಣಗಿ ಅಂಟಿಕೊಳ್ಳುತ್ತದಂತೆ. ಆದ್ದರಿಂದ ಬೆಳಿಗ್ಗೆ ಆರಕ್ಕೆ ಶುರು, ಒಂಬತ್ತಕ್ಕೆ ಬಂದ್. ಈ ಬುದ್ಧಿ ಹೇಳಿದವಳು ಯಾರು? ಆವಮ್ಮ. ಸೋಲಾರಿನಲ್ಲಿ ಹಾಗೇ ಮಾಡುತ್ತಿದ್ದರಂತೆ. ಗಾಜು ಕಾಯುವ ಮೊದಲೇ ತೊಳೆದು ಮುಗಿಸಬೇಕಂತೆ.

ನಾನು ನನ್ನ ಬಕೆಟ್ಟು ತಂದೆ. "ಒಂದು ಬಕೆಟ್ ಸಾಲದು ಅಕ್ಕಾ. ಒಂದ್ರಾಗೆ ಸೋಪು, ಒಂದ್ರಾಗೆ ಬರೀ ನೀರು. ಬಟ್ಟೆ ಮೊದ್ಲು ನೀರಾಗೆ ಅದ್ದಬೇಕು, ಮಣ್ಣು ಅಲ್ಲೇ ಬಿಡ್ಬೇಕು. ಆ ಮಣ್ಣೇ ಗೀರೋದು" ಎಂದಳು. ನಾನು ಅರ್ಧ ಬಕೆಟ್ಟಿನಲ್ಲಿ ಒಂದು ಮದುವೆ ಪಾತ್ರೆ ತೊಳೆದವಳು. ನನಗೆ ಬಕೆಟ್ಟಿನ ಪಾಠ.

ಯಶು ಸುತ್ತ ಸುತ್ತ ಒರೆಸಲು ಹೋದಳು. ಪಾವಗಡದವಳು ಕೈ ಹಿಡಿದುಕೊಂಡಳು. "ಒದ್ದು ಒದ್ದು ಬಂಗಾರಾ! ಗುಂಡಗೆ ಉಜ್ಜಬ್ಯಾಡ. ಇತ್ತಲಿಂದ ಅತ್ತ ನೆಟ್ಟಗೆ ಎಳಿ. ಚೂಡು, ಇಟ್ಲ." ಬೇಡ ಬೇಡ, ಹೀಗೆ ನೋಡು ಎಂದು ಅರ್ಧ ತೆಲುಗು, ಅರ್ಧ ಕನ್ನಡ. ಯಶು ಕಣ್ಣು ಅರಳಿಸಿ ನೋಡುತ್ತಿದ್ದಳು. "ಮಂಜಜ್ಜಿ, ವಿಡಿಯೋದಲ್ಲೂ ಇದೇ ಹೇಳ್ತಾರೆ! ನೀನೇ ನನ್ನ ಗುರು."

ಆಮೇಲೆ ಒಂದು ಜೇಡಿಮಣ್ಣಿನ ಉಂಡೆ ತೆಗೆದರು. ತೊಳೆದ ಮೇಲೂ ಕಣ್ಣಿಗೆ ಕಾಣದ ಕೊಳೆ ಬಣ್ಣಕ್ಕೆ ಕಚ್ಚಿಕೊಂಡಿರುತ್ತದಂತೆ, ಈ ಉಂಡೆಯನ್ನು ನೀರು ಹಾಕಿ ಜಾರಿಸಿದರೆ ಅದನ್ನೆಲ್ಲ ಎತ್ತಿಕೊಳ್ಳುತ್ತದಂತೆ. "ಮಣ್ಣು ತೊಳ್ದು ಮಣ್ಣು ಮೆತ್ತೋ ಇಸ್ಕೂಲು ಇದು" ಎಂದು ನಾನು ನಕ್ಕೆ. ಇಬ್ಬರೂ ನಗಲಿಲ್ಲ. ಆವಮ್ಮ ಕಣ್ಣು ಮುಚ್ಚಿ ಬಾಗಿಲ ಮೇಲೆ ಅಂಗೈ ಆಡಿಸುತ್ತಿದ್ದಳು, ಎಲ್ಲಿ ಒರಟು ಎಲ್ಲಿ ನುಣುಪು ಎಂದು. ಹಾಗೆ ಸವರುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಎದ್ದು ಬಂದೆ.

ಮೇ 8, ಗುರುವಾರ

ಮಷೀನು ಬಂತು. ಯಶುವಿನ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಪ್ರಸನ್ನ ಕುಮಾರ್ ಎನ್ನುವವರದು. ಅವರೂ ಒಂದು ಸಲ ಮಾಡಲು ಹೋಗಿ ಕೈಬಿಟ್ಟರಂತೆ. ಮಷೀನಿನ ಮೂತಿಗೆ ದೋಸೆಯಷ್ಟು ಅಗಲದ ಸ್ಪಂಜು. ತಿರುಗಿಸಿದರೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಅನ್ನುತ್ತದೆ.

ಹಿಂದಿನ ಬಾಗಿಲಲ್ಲಿ ಒಂದು ಗೇಣು ಚೌಕಕ್ಕೆ ಟೇಪು ಅಂಟಿಸಿ ಪರೀಕ್ಷೆ ಮಾಡಿದಳು. ಕಾರಿನ ಹಳೇ ಒಡೆಯರ ಕಾಲದ ಸಣ್ಣ ಗೀರುಗಳು ಅಲ್ಲೂ ಇದ್ದವು. ಔಷಧಿ ಬಟಾಣಿ ಕಾಳಿನಷ್ಟು, ನಾಲ್ಕು ಚುಕ್ಕಿ. ಮೆಲ್ಲಗೆ ಅತ್ತ ಇತ್ತ ತಳ್ಳಿದಳು. ಒರೆಸಿದಳು. ಆ ಚೌಕದೊಳಗೆ ಬಾವಿಗೆ ಬಗ್ಗಿ ನೋಡಿದ ಹಾಗೆ ಕಪ್ಪು. ನನ್ನ ಮುಖ ಕಂಡಿತು, ಒಂದು ಸುಕ್ಕೂ ಬಿಡದೆ. ಅದರ ಪಕ್ಕದಲ್ಲಿ ಪಾವಗಡದವಳ ಮುಖವೂ ಕಂಡಿತು.

"ಗೀರು ತುಂಬೋದಲ್ಲ ಅಜ್ಜಿ. ಬಣ್ಣದ ಮೇಲೆ ಒಂದು ತಿಳಿ ಪದರ ಇರುತ್ತೆ, ಈರುಳ್ಳಿ ಸಿಪ್ಪೆಗಿಂತ ತೆಳು. ಗೀರು ಎಷ್ಟು ಆಳ ಇದೆಯೋ ಅಷ್ಟು ಆಳಕ್ಕೆ ಸುತ್ತಲಿನದನ್ನ ಸವೆಸೋದು" ಎಂದು ಯಶು ಹೇಳಿದಳು.

"ಅಂಗಾದ್ರೆ ಹುಣ್ಣು ವಾಸಿ ಮಾಡಾಕೆ ಸುತ್ತಿನ ಚರ್ಮ ಸುಲಿಯೋ ಡಾಕ್ಟ್ರು ನೀನು."

ಇದಕ್ಕೆ ಪಾವಗಡದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದರಿಂದ ಮಾತು ಕೆಟ್ಟುಹೋಯಿತು.

ಮೇ 9, ಶುಕ್ರವಾರ

ಯಶು ಆವಮ್ಮನ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ್ದಾಳೆ. ತಲೆಗೆ ಟೋಪಿ, ಕೈಗೆ ನೀಲಿ ಗವಸು. ಕೆಳಗೆ "ನಮ್ಮ ಇಂಜಿನಿಯರ್" ಎಂದು ಬರೆದಿದೆ. ನನ್ನ ಮಗನೇ ತಂದು ತೋರಿಸಿದ, ನನಗೆ ಖುಷಿಯಾಗುತ್ತದೆ ಎಂದುಕೊಂಡು.

ಊಟ ಸೇರಲಿಲ್ಲ. ಸೊಸೆ ಬಿಸಿಲಿಗೆ ಅಂದಳು. ಬಿಸಿಲಿಗೇ ಇರಬೇಕು.

ಮೇ 10, ಶನಿವಾರ

ಒರೆಸುವ ಬಟ್ಟೆಗಳೆಲ್ಲ ಆವಮ್ಮನ ಸುಪರ್ದಿಯಲ್ಲಿವೆ. ಮೊಲದ ಮೈಯಂಥ ಬಟ್ಟೆ, ಹನ್ನೆರಡು. ಅವನ್ನು ಬೇರೆ ಬಕೆಟ್ಟಿನಲ್ಲಿ, ಬೇರೆ ಸೋಪಿನಲ್ಲಿ, ಹಿಂಡದೆ ತೊಳೆದು ಒಳಮನೆಯಲ್ಲಿ ಹಗ್ಗಕ್ಕೆ ಹಾಕುತ್ತಾಳೆ. ಬಾಣಂತಿ ಮನೆ ಮಗುವಿನ ಬಟ್ಟೆಗೂ ಇಷ್ಟು ಸಡಗರ ಕಂಡಿಲ್ಲ ನಾನು.

ಮಧ್ಯಾಹ್ನ ಅವಳು ಮಲಗಿದ್ದಳು. ಒಂದು ಬಟ್ಟೆ ಒಗೆಯಲೂ ಬಾರದವಳೇನು ನಾನು? ಎಲ್ಲವನ್ನೂ ತೆಗೆದುಕೊಂಡು ಹೋಗಿ ಒಗೆಯುವ ಕಲ್ಲಿನ ಮೇಲೆ ಬಡಿದೆ. ಬೇಲಿ ಮೇಲೆ ಹರವಿದೆ. ಅರ್ಧ ಗಂಟೆಗೆ ಗರಿಗರಿ ಒಣಗಿದವು. ಮಡಿಸುವಾಗ ಒಂದರಲ್ಲಿ ಜಾಲಿಮುಳ್ಳಿನ ತುದಿ ಸಿಕ್ಕಿತು, ಕಿತ್ತೆಸೆದೆ. ಮಿಕ್ಕವನ್ನು ನೋಡಬೇಕು ಅನ್ನಿಸಲಿಲ್ಲ. ಹಾಗೇ ಮಡಿಸಿ ಅವಳು ಇಟ್ಟಿದ್ದ ಜಾಗದಲ್ಲೇ ಇಟ್ಟೆ.

ಮೇ 11, ಭಾನುವಾರ

ಎಡಗಡೆ ಎರಡು ಬಾಗಿಲು ನಿನ್ನೆಯೇ ಮುಗಿದು ಕನ್ನಡಿಯಾಗಿದ್ದವು. ಇವತ್ತು ಬೆಳಿಗ್ಗೆ ಮೇಣ ಹಚ್ಚುವ ಮೊದಲು ಕೊನೆಯದಾಗಿ ಒಂದು ಸಲ ಒರೆಸಿದರು. ಯಶು ಟಾರ್ಚ್ ಹಿಡಿದು ನೋಡಿ ಕಿರುಚಿದಳು. ಮುಂದಿನ ಬಾಗಿಲ ಉದ್ದಕ್ಕೂ ಬೆಕ್ಕು ಪರಚಿದ ಹಾಗೆ ಮೂರು ಗೆರೆ. ಬಟ್ಟೆ ಝಾಡಿಸಿದರೆ ಮುಳ್ಳು ಬಿತ್ತು.

"ಮಂಜಜ್ಜಿ! ಬಟ್ಟೆ ನೋಡ್ಕೊಳ್ಳೋದೊಂದೇ ತಾನೇ ನಿನಗೆ ಹೇಳಿದ್ದು? ಎಲ್ಲಿ ಒಣಗಿಸಿದೆ ಇದನ್ನ? ನಾಲ್ಕು ದಿನದ ಕೆಲಸ! ಬೇಡ, ನೀನು ಇನ್ನು ಮುಟ್ಟಬೇಡ. ಆಚೆ ಇರು."

ಆವಮ್ಮ ಆ ಮುಳ್ಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಬೇಲಿಯ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ. "ತಪ್ಪಾಯ್ತು ಬಂಗಾರಾ. ಕಣ್ಣು ಮಂಜು ಮಂಜು, ಕಾಣಿಸಿಲ್ಲ" ಎಂದಳು. ಗವಸು ಬಿಚ್ಚಿ, ಒಂದರೊಳಗೊಂದು ಮಡಿಸಿ, ಸ್ಟೂಲಿನ ಮೇಲೆ ಇಟ್ಟು ಬಂದಳು.

ಒಂದು ವಾರದಿಂದ ನಾನು ಕೇಳಬೇಕೆಂದಿದ್ದ ಮಾತು ಇದೇ. "ಆಚೆ ಇರು." ಕೇಳಿದೆ. ಒಳಗೆ ಹೋಗಿ ಕಾಫಿ ಕುಡಿದೆ. ಸಕ್ಕರೆ ಹಾಕಿದ್ದರೋ ಇಲ್ಲವೋ ಗೊತ್ತಾಗಲಿಲ್ಲ.

ಮೇ 12, ಸೋಮವಾರ, ಬುದ್ಧ ಪೂರ್ಣಿಮೆ

ದೀಪ ಬೆಳಗಿದೆ. ಪಾಯಸ ಮಾಡಿದೆವು. ಬುದ್ಧನ ಫೋಟೋ ಮುಂದೆ ಎಲ್ಲರೂ ಕೂತು ಪಂಚಶೀಲ ಹೇಳಿದೆವು. ಸುಳ್ಳಾಡುವುದಿಲ್ಲ ಅನ್ನುವ ಕಡೆ ನಾನು ಕೆಮ್ಮಿದೆ.

ಆವಮ್ಮ ಚೀಲ ಕಟ್ಟುತ್ತಿದ್ದಾಳೆ. ತಾರಸಿ ಹಸಿ ಆರಿರಬೇಕು, ಹೋಗುತ್ತೇನೆ ಅನ್ನುತ್ತಾಳೆ. ಆರುವುದಕ್ಕೆ ಇನ್ನೂ ಹದಿನೈದು ದಿನ ಬೇಕು ಎಂದು ಬಂದ ದಿನ ಅವಳೇ ಹೇಳಿದ್ದಳು.

ಮೇ 13, ಮಂಗಳವಾರ

ನಿದ್ದೆ ಬರಲಿಲ್ಲ. ಕನಿಕರದಿಂದಲ್ಲ, ಹೊಟ್ಟೆಯುರಿಯಿಂದ. ಬೆಳಗಾಗುವಷ್ಟರಲ್ಲಿ ಒಂದು ವಿಷಯ ತಿಳಿಯಾಯಿತು. ಇವಳು ನನ್ನ ಎರಡು ತಪ್ಪನ್ನೂ ತಲೆ ಮೇಲೆ ಹೊತ್ತುಕೊಂಡು ಬಾಯಿ ಬಿಡದೆ ವಳ್ಳೂರಿಗೆ ಹೋಗಿಬಿಡುತ್ತಾಳೆ. ಆಮೇಲೆ ನಾನು ಸಾಯುವವರೆಗೆ ಅವಳು ದೊಡ್ಡವಳು, ನಾನು ಸಣ್ಣವಳು. ಯಾರಿಗೂ ಗೊತ್ತಿಲ್ಲದಿದ್ದರೂ ನಮ್ಮಿಬ್ಬರಿಗೆ ಗೊತ್ತಿರುತ್ತದೆ. ಅಷ್ಟು ದೊಡ್ಡಸ್ತಿಕೆಯನ್ನು ಆವಮ್ಮನಿಗೆ ನಾನು ಬಿಟ್ಟುಕೊಡುವುದಿಲ್ಲ.

ಶೆಡ್ಡಿಗೆ ಹೋದೆ. ಯಶು ಒಬ್ಬಳೇ ಮುಖ ಊದಿಸಿಕೊಂಡು ಆ ಮೂರು ಗೆರೆ ತೆಗೆಯುತ್ತಿದ್ದಳು.

"ಮಷೀನ್ ನಿಲ್ಸು."

"ಏನಜ್ಜಿ?"

"ಬಟ್ಟೆ ಬೇಲಿ ಮ್ಯಾಲೆ ಹಾಕಿದ್ದು ನಾನು. ಬಾನೆಟ್ ಉಜ್ಜಿದ್ದೂ ನಾನೇ. ತೆಂಗಿನ ನಾರು, ಬೂದಿ, ಹುಣಸೆಹಣ್ಣು. ಆ ರೇಣುಕಯ್ಯಂದು ಏನೂ ಇಲ್ಲ. ಮಂಜಮ್ಮಂದೂ ಏನಿಲ್ಲ. ಅವ್ಳಿಗೆ ಬಂದ್ ದಿನಾನೇ ಗೊತ್ತಿತ್ತು, ಹೇಳ್ದೆ ಕುಂತವ್ಳೆ. ಈಗ ಬೈಯಂಗಿದ್ರೆ ಬೈದ್ಬುಡು."

ಬೈಯಲಿಲ್ಲ. ಮಷೀನನ್ನು ನೆಲಕ್ಕಿಟ್ಟಳು. "ನಾನು ಅಪ್ಪನ ವಯಸ್ಸಿನವರನ್ನ ಮೋಸಗಾರ ಅಂದೆ ಅಜ್ಜಿ. ನೀನು ಪಕ್ಕದಲ್ಲೇ ಕೂತಿದ್ದೆ" ಎಂದಳು. ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ.

ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. "ನೀನೇ ಮಾತಾಡು."

ಎಪ್ಪತ್ತು ವರ್ಷದಲ್ಲಿ ನಾನು ಯಾರ ಹತ್ತಿರವೂ ತಪ್ಪಾಯಿತು ಅಂದವಳಲ್ಲ. "ಯಾರಪ್ಪಾ, ರೇಣುಕಯ್ಯನವ್ರಾ? ನಾನು ಕಾರ್ ತಗಂಡ ಹುಡುಗಿ ಅಜ್ಜಿ. ಗೀರು ನಿಮ್ದಲ್ಲ ಕಣಪ್ಪ, ನಂದು. ಹಿತ್ತಾಳೆ ಕೊಡ ಅಂದ್ಕಂಡು ಉಜ್ಜ್‌ಬುಟ್ಟೆ. ನಮ್ಮುಡುಗಿ ಅಂದ ಮಾತ ಮನಸ್ಸಿಗೆ ಹಾಕ್ಕಾಬ್ಯಾಡಿ."

ಆ ಕಡೆಯಿಂದ ಅವರು, "ನಮ್ಮವ್ವ ನನ್ನ ಹೊಸ ಸ್ಕೂಟರನ್ನ ಇಟ್ಟಿಗೆ ಪುಡಿ ಹಾಕಿ ಬೆಳಗಿದ್ಳು ಕಣಮ್ಮ. ಹತ್ತು ದಿನ ಮಾತಾಡ್ಸಿರ್ಲಿಲ್ಲ ನಾನು. ಈಗ ಮಾತಾಡ್ಸನ ಅಂದ್ರೆ ಅವ್ಳೇ ಇಲ್ಲ" ಎಂದು ಇಟ್ಟುಬಿಟ್ಟರು.

ಯಶು ನೇರ ಒಳಗೆ ಹೋಗಿ ಮಂಜಮ್ಮನ ಚೀಲದಿಂದ ಸೀರೆಗಳನ್ನು ಒಂದೊಂದೇ ತೆಗೆದು ಬೀರುವಿನಲ್ಲಿ ಇಟ್ಟಳು. ನನ್ನ ಹತ್ತಿರ ಒಂದೇ ಮಾತು: "ನಾಳೆ ಆರು ಗಂಟೆಗೆ ಶೆಡ್ಡಿಗೆ ಬಾ. ಬಟ್ಟೆ ಕೆಲಸ ನಿನ್ನದು. ಮಂಜಜ್ಜಿ ಹೇಳಿದ ಹಾಗೆ ಮಾಡಬೇಕು."

ಮಾತ್ರೆ ತೆಗೆದುಕೊಂಡೆ.

ಮೇ 14, ಬುಧವಾರ

ಬೀಗಿತಿಯ ಕೈಕೆಳಗೆ ಕೂಲಿ. ಇದನ್ನೂ ಕಂಡೆ.

"ಹಿಂಡಬ್ಯಾಡ ಅಕ್ಕಾ." "ನಾಲ್ಕು ಮಡಿಕೆ ಮಾಡು, ಒಂದು ಮಗ್ಗುಲು ಕೊಳೆಯಾದ್ರೆ ತಿರುವು." "ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ತಗೀಬ್ಯಾಡ." ದಿನವೆಲ್ಲ ಇದೇ. ಸಾಯಂಕಾಲ ಕೇಳಿದೆ, ಬಾಯಿ ತಡೆಯಲಿಲ್ಲ: "ಅವತ್ತೇ ಯಾಕೆ ಹೇಳ್ಳಿಲ್ಲ ನೀನು? ದೊಡ್ಡೋಳಾಗಾಕಾ?"

"ಅಯ್ಯೋ ಏಮಕ್ಕಾ ನೀನು" ಎಂದಳು. "ಸೋಲಾರಿಗೆ ಸೇರಿದ್ ಹೊಸದ್ರಾಗೆ ನಾನೂ ನಾರು ತಗಂಡೇ ಉಜ್ಜಿದ್ದೆ. ಒಂದು ಹಲಗೆ ಪೂರಾ. ಪಕ್ಕದ ಹೆಂಗಸು ತನ್ ಹೆಸ್ರು ಹೇಳ್ಕಂಡ್ಳು. ಇಲ್ಲಾಂದ್ರೆ ಅವತ್ತೇ ಗೇಟಿನಿಂದ ಆಚೆ ಇರ್ತಿದ್ದೆ."

"ನೀನೂನಾ?"

"ಹುಣಸೆಹಣ್ಣು ಮಾತ್ರ ಹಾಕಿಲ್ಲಮ್ಮ. ಅಷ್ಟು ಬುದ್ಧಿ ಇತ್ತು."

ನಗಬಾರದು ಎಂದುಕೊಂಡಿದ್ದೆ.

ಮೇ 17, ಶನಿವಾರ

ಬಲಗಡೆ ಮುಗಿಯಿತು. ಎಡ ಬಾಗಿಲ ಮೂರು ಗೆರೆಯೂ ಹೋದವು. ಯಶು ಇವತ್ತು ನನ್ನ ಹತ್ತಿರ ಎರಡು ಮಾತಾಡಿದಳು, ಎರಡೂ ಸ್ಪಂಜಿನ ವಿಷಯ. ಅದಕ್ಕೆ ನಾನೇನೂ ಅಂದುಕೊಳ್ಳಲಿಲ್ಲ. ಕರೆಂಟು ಹೋಗಿತ್ತು. ಎರಡು ಗಂಟೆ ಶೆಡ್ಡಿನಲ್ಲೇ ಸ್ಪಂಜು ಬ್ರಷ್ಷಿನಲ್ಲಿ ಉಜ್ಜುತ್ತ ಕೂತಿದ್ದೆವು, ನಾನು ಮತ್ತು ಮಂಜಮ್ಮ.

ಆ ಹಲಗೆಗಳು ನಿಂತಿರುವುದು ಅವರದೇ ಹೊಲದಲ್ಲಿ ಎಂದು ಗೊತ್ತಿತ್ತು. ಅವಳು ತೊಳೆಯುತ್ತಿದ್ದದ್ದೂ ಅವೇ ಎಂದು ಗೊತ್ತಿರಲಿಲ್ಲ. ಸಮ ಮಾಡಿ, ಬದು ಒಡೆದು, ಮರ ಕಡಿದ ಮೇಲೆ ಯಾವುದು ಯಾರ ಹೊಲ ಎಂದು ಯಾರಿಗೂ ತಿಳಿಯದಂತೆ ಆಯಿತಂತೆ. ಇವಳು ಬೇಲಿಯಿಂದ ಕಂಬ ಎಣಿಸಿ ಇಟ್ಟುಕೊಂಡಿದ್ದಳಂತೆ. ಮೂರನೇ ಸಾಲು, ಹನ್ನೊಂದನೇ ಕಂಬ, ಅಲ್ಲಿ ಅವರ ಬಾವಿ ಇತ್ತು. ಹದಿನೇಳನೇ ಕಂಬದ ಹತ್ತಿರ ಗಂಡ ಕೂತು ಬುತ್ತಿ ಬಿಚ್ಚುತ್ತಿದ್ದ ಬೇವಿನ ಮರ. "ಆ ಹಲಗೆ ಬಂದಾಗ ಒಂದು ಕೈ ಜಾಸ್ತಿ ಎಳೀತಿದ್ದೆ ಅಕ್ಕಾ. ಮೇಸ್ತ್ರಿ ಬೈತಿದ್ದ, ಯಾಕ್ ಅಲ್ಲೇ ನಿಂತೆ ಅಂತ."

ನಾನು ಇಷ್ಟು ದಿನ ಇವಳು ಕಂಪನಿಯ ಬಾಡಿಗೆ ದುಡ್ಡಿನಲ್ಲಿ ಗಾಜಿನ ಮೇಲೆ ಕೂತು ಉಣ್ಣುವವಳು ಎಂದುಕೊಂಡಿದ್ದೆ. ನನ್ನ ಯಜಮಾನರ ವಿಷಯ ನಾನೂ ಹೇಳಿದೆ. ಯಾರ ಹತ್ತಿರವೂ ಹೇಳಿರದ ಒಂದು ವಿಷಯ. ಇಲ್ಲೂ ಬರೆಯುವುದಿಲ್ಲ, ಅವಳ ಹತ್ತಿರ ಹೇಳಿಯಾಯಿತಲ್ಲ.

ಅವಳ ಅಣ್ಣನ ಕಥೆ ಶುರು ಮಾಡಿದ್ದಳು, ಆಂಧ್ರಕ್ಕೆ ಹೋಗಿ ಯಾರನ್ನೋ ಕಟ್ಟಿಕೊಂಡು ಬಂದದ್ದು. ಅಷ್ಟರಲ್ಲಿ ಹಾಳಾದ ಕರೆಂಟು ಬಂತು.

ಮೇ 18, ಭಾನುವಾರ

ಬಾನೆಟ್ಟು. ಇದನ್ನು ಯಶು ಕೊನೆಗೆ ಇಟ್ಟುಕೊಂಡಿದ್ದಳು, ಕೈ ಪಳಗಲಿ ಎಂದು.

ಅಂಚಿಗೆಲ್ಲ ಟೇಪು ಹಾಕಿದಳು. ಅಂಚಿನಲ್ಲಿ ಪದರ ತೆಳುವಂತೆ, ಮಷೀನು ತಾಗಿದರೆ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತದಂತೆ. ಮೊದಲ ಕೈಗೆ ಅರ್ಧ ಬಳೆ ಹೋದವು. ಎರಡನೆಯದಕ್ಕೆ ಇನ್ನಷ್ಟು. ಮಂಜಿ ಬಗ್ಗಿ ಟಾರ್ಚ್ ಹಿಡಿಯುತ್ತಿದ್ದಳು, ನಾನು ಬಟ್ಟೆ ತಿರುವಿ ತಿರುವಿ ಕೊಡುತ್ತಿದ್ದೆ. ಮೂರನೇ ಕೈಯಾದ ಮೇಲೆ ಡ್ರೈವರ್ ಕಡೆ ಐದಾರು ಬಳೆ ಉಳಿದವು. ನಾನು ಶುರು ಮಾಡಿದ ಜಾಗ ಅದು, ತೋಳಿನಲ್ಲಿ ಪೂರ್ತಿ ಬಲ ಇದ್ದ ಹೊತ್ತು.

"ಇನ್ನೊಂದ್ ಕಿತ ತಿರುಗ್ಸು" ಎಂದೆ.

ಯಶು ತಲೆಯಾಡಿಸಿದಳು. "ಇನ್ನು ಬೇಡ. ಇದಕ್ಕಿಂತ ಸವೆಸಿದ್ರೆ ಪದರ ಹೋಗಿ ಬಣ್ಣವೇ ಕಿತ್ತು ಬರುತ್ತೆ."

"ನಾನ್ ಮಾಡಿದ್ ಗುರ್ತು ಹಂಗೇ ಇರ್ತದಲ್ಲೇ. ನೋಡ್ದಾಗ್ಲೆಲ್ಲಾ ನೆಪ್ಪಾಗಾಕಿಲ್ವಾ ನಿಂಗೆ?"

"ಆಗುತ್ತೆ" ಎಂದಳು. ಸುಳ್ಳು ಹೇಳಲಿಲ್ಲ. ಆಮೇಲೆ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ನನ್ನ ಹಣೆಯ ಬೆವರು ಒರೆಸಿದಳು. ಇತ್ತಲಿಂದ ಅತ್ತ, ನೆಟ್ಟಗೆ.

"ಲೇ, ಅದು ಕಾರಿನ ಬಟ್ಟೆ! ಉಪ್ಪು ನೀರು ತಾಗಬಾರ್ದು" ಎಂದು ಕಿತ್ತುಕೊಂಡೆ. ಮಂಜಿ ಬೇರೆ ಮಡಿಕೆ ತಿರುವಿ ಕೊಟ್ಟಳು.

ಮೇ 21, ಬುಧವಾರ

ಮೇಣ ಹಚ್ಚಿ ಮುಗಿಸಿದರು. ದೊಡ್ಡರಂಗಪ್ಪ ಬಂದು ಬಾಗಿಲಲ್ಲಿ ಮೀಸೆ ನೋಡಿಕೊಂಡ. "ಯಾರ್ ಮಾಡಿದ್ದು?" ಎಂದ.

"ನಾವು" ಎಂದೆ.

ಮಂಜಿಯ ತಾರಸಿ ಮುಗಿದಿದೆ ಎಂದು ವಳ್ಳೂರಿನಿಂದ ಫೋನ್ ಬಂತು. ತಾರಸಿ ಅಂದರೆ ಅಷ್ಟು ಬೇಗ ತುಳಿಯಬಾರದು. ಕೆಲಸದವರಿಗೆ ಏನು ಗೊತ್ತು?

ಮೇ 23, ಶುಕ್ರವಾರ

ಹೊರಟುಹೋದಳು. ಯಶುವೇ ಕಾರಿನಲ್ಲಿ ಕರೆದುಕೊಂಡು ಹೋದಳು, ಒಂದು ರಾತ್ರಿ ಅಲ್ಲೇ ಇದ್ದು ಬರುತ್ತಾಳಂತೆ. "ನೀನೂ ಬಾ ಅಜ್ಜಿ" ಎಂದಳು. ಕರೆದ ಕೂಡಲೇ ಹೊರಡಲು ನಾನೇನು ಬಿಟ್ಟಿ ಬಿದ್ದಿದ್ದೇನೆಯೇ? "ಬೀಗರ ಮನೇಲಿ ನಂಗೇನ್ ಕೆಲ್ಸ" ಎಂದುಬಿಟ್ಟೆ. ಇನ್ನೊಂದು ಸಲ ಕರೆಯುತ್ತಾರೆ ಎಂದುಕೊಂಡಿದ್ದೆ. ಕರೆಯಲಿಲ್ಲ. ಹಾರ್ನ್ ಹೊಡೆದು ಹೋಗಿಬಿಟ್ಟರು.

ಈಗ ಮಿಡಿಗೇಶಿ ದಾಟಿರುತ್ತಾರೆ. ಪಾವಗಡ ದಾಟಿ ವಳ್ಳೂರು ಸೇರುವವರೆಗೆ ಇಬ್ಬರೇ. ಆ ಅಣ್ಣನ ಕಥೆಯ ಮಿಕ್ಕರ್ಧ ಇವಳು ದಾರಿಯಲ್ಲಿ ಹುಡುಗಿಗೆ ಹೇಳಿಬಿಡುತ್ತಾಳೆ. ನನಗೆ ಶುರು ಮಾಡಿದ ಕಥೆ ಅದು. ಯಶುವಿಗೆ ಎಲ್ಲವೂ ಬೇಕು.

ಮಾತ್ರೆ ತೆಗೆದುಕೊಂಡೆನೋ ಇಲ್ಲವೋ.

ಮೇ 24, ಶನಿವಾರ

ಮಧ್ಯಾಹ್ನ ಯಶು ಬಂದಳು. ಕಾರಿಗೆ ಒಂದಿಷ್ಟೂ ಧೂಳಿಲ್ಲ.

"ಹೆಂಗವ್ಳೆ?"

"ಚೆನ್ನಾಗಿದಾಳೆ. ಕಾರು ನೋಡೋಕೆ ಊರೇ ಬಂದಿತ್ತು. ಪಕ್ಕದ ಮನೆಯವರೊಬ್ಬರು ಬಂದು ಮಂಜಜ್ಜಿ ಕೈ ಹಿಡ್ಕೊಂಡು ಕೂತವರು ಏಳಲೇ ಇಲ್ಲ. ನೀನಿಲ್ಲದೆ ಬೇಜಾರಾಗಿತ್ತು ಅಂತ ಒಂದೇ ಸಮ. ರಾತ್ರಿ ಊಟಕ್ಕೂ ಅಲ್ಲೇ ಕರ್ಕೊಂಡು ಹೋದರು."

"ಯಾರೇ ಅವ್ಳು? ಎಂಥೋಳು? ಎಷ್ಟು ದಿನದ ಪರಿಚಯ?"

"ನನಗೇನು ಗೊತ್ತಜ್ಜಿ? ಯಾಕೆ?"

"ಸುಮ್ನೆ. ಮಂಜಿ ಮೆದು ಹೆಂಗಸು. ಯಾರ್ ಕೈ ಹಿಡ್ಕಂಡ್ರೂ ಕುಂತ್ಕಂಡ್‌ಬುಡ್ತಾಳೆ."

ಯಶು ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖದಲ್ಲಿ ಏನಿತ್ತೋ. ನಾನು ಕಾರಿನ ಕಡೆ ತಿರುಗಿ, ಇದು ಮತ್ತೆ ಕೊಳೆಯಾಗಲು ಎಷ್ಟು ದಿನ ಬೇಕು ಎಂದು ಕೇಳಿದೆ.

"ಮೇಣ ಇದೆಯಲ್ಲ, ಹೊದಿಕೆ ಹಾಕಿಟ್ಟರೆ ಒಂದೂವರೆ ತಿಂಗಳು ಏನೂ ಆಗಲ್ಲ."

"ತೊಳೆ‌ಯಾಕೆ ಅವ್ಳೇ ಬರ್ಬೇಕು ಮತ್ತೆ. ನಮ್ಮಿಬ್ರಿಗೆ ಬರಾಕಿಲ್ಲ."

"ಬರ್ತಾಳೆ ಬಿಡು" ಎಂದು ನಕ್ಕು ಒಳಗೆ ಹೋದಳು.

ಒಂದೂವರೆ ತಿಂಗಳು ಬಹಳವಾಯಿತು.

ನಾಲ್ಕು ಗಂಟೆಗೆ ಗಾಳಿ ಎದ್ದಿತು. ಬೀದಿಯ ಕೆಂಪು ಧೂಳೆಲ್ಲ ನಮ್ಮ ಅಂಗಳಕ್ಕೇ ನುಗ್ಗಿತು. "ಅಜ್ಜೀ, ಕಾರಿಗೆ ಹೊದಿಕೆ ಹಾಕು" ಎಂದು ಯಶು ಬಚ್ಚಲಿನಿಂದ ಕೂಗಿದಳು. ಹೊದಿಕೆ ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಾಳಿ ನಿಲ್ಲುವವರೆಗೂ ಹುಡುಕಿದೆ.